ಊರು ಕೂಡಿ ಆಡಿಸಿದ ನಾಟಕ

ಅಥೆನ್ಸಿಗೆ ಹೊರಟಿದ್ದೇವೆಂದು ತಿಳಿದಾಗ ದೆಹಲಿಯ ನಮ್ಮ ಕನ್ನಡ ಗೆಳೆಯರೆಲ್ಲ ಒಂದೇ ಮಾತು ಹೇಳಿದರು: "ಬೆಟ್ಟದ ಮೇಲಿನ ದೇವಾಲಯವನ್ನು ಮಾತ್ರ ಬಿಡಬೇಡಿ." ನಾವು ಬಿಡಲಿಲ್ಲ. ಹತ್ತಿದೆವು, ನೋಡಿದೆವು, ಬೆರಗಾದೆವು. ಎಲ್ಲರಂತೆ ಚಿತ್ರಗಳನ್ನೂ ತೆಗೆಸಿಕೊಂಡೆವು. ಆದರೆ ನಿಜ ಹೇಳಬೇಕಾದರೆ, ನಾವು ಅಷ್ಟು ದೂರ ಹೋದದ್ದು ಬೆಟ್ಟದ ಬುಡದಲ್ಲಿರುವ ಒಂದು ಹಾಳುಬಿದ್ದ ರಂಗಸ್ಥಳವನ್ನು ನೋಡುವುದಕ್ಕೆ.

ಕಾರಣವನ್ನು ಹೇಳಿಬಿಡುತ್ತೇವೆ. ಕಾಲೇಜಿನ ದಿನಗಳಲ್ಲಿ ಬಿ. ಎಂ. ಶ್ರೀಕಂಠಯ್ಯನವರ 'ಅಶ್ವತ್ಥಾಮನ್' ನಮ್ಮ ಕೈಗೆ ಸಿಕ್ಕಿತ್ತು. ೧೯೨೯ರಲ್ಲಿ ಬಂದ ಆ ನಾಟಕ, ಸೊಫೊಕ್ಲೀಸನ 'ಏಜಾಕ್ಸ್' ಎಂಬ ಗ್ರೀಕ್ ನಾಟಕಕ್ಕೆ ಮಹಾಭಾರತದ ಉಡುಗೆಯನ್ನು ತೊಡಿಸಿದ್ದು. ಮುಂದೆ ೧೯೩೫ರಲ್ಲಿ ಅವರೇ ಈಸ್ಕಿಲಸನ ನಾಟಕವೊಂದನ್ನು 'ಪಾರಸಿಕರು' ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಎರಡನ್ನೂ ಓದಿದಂದಿನಿಂದ ನಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿದುಕೊಂಡಿತ್ತು: ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದೆ ಇಂಥ ಗಂಭೀರವಾದ ನಾಟಕಗಳನ್ನು ಕುಳಿತು ನೋಡಿದವರು ಯಾರು? ಪಂಡಿತರೇ? ಅರಮನೆಯವರೇ? ಅವರಿಗೆ ಇದರಿಂದ ಆಗಬೇಕಾದದ್ದೇನಿತ್ತು?

ಇನ್ನೊಂದು ಕಾರಣವೂ ಉಂಟು. ನಮ್ಮ ಸಂಘದ ನಾಟಕ ಸಮಿತಿಯಲ್ಲಿ ನಾವೂ ಒಬ್ಬರು. ವರ್ಷ ವರ್ಷವೂ ರಾಜ್ಯೋತ್ಸವ ಬಂತೆಂದರೆ "ಹುಡುಗರು ಸಿಕ್ಕುವುದಿಲ್ಲ" ಎಂದು ಗೊಣಗುವುದು ನಮ್ಮ ಕೆಲಸ. ಆ ಗೊಣಗಾಟವನ್ನೂ ಸಾಮಾನಿನ ಜೊತೆಯಲ್ಲಿ ಕಟ್ಟಿಕೊಂಡೇ ವಿಮಾನ ಹತ್ತಿದೆವೆಂದು ಕಾಣುತ್ತದೆ.

ಅಕ್ರೊಪೊಲಿಸ್ ಬೆಟ್ಟದ ದಕ್ಷಿಣದ ಇಳಿಜಾರಿನಲ್ಲಿದೆ, ಡಯೊನೈಸಸ್ ದೇವನ ರಂಗಸ್ಥಳ. ಈ ಡಯೊನೈಸಸ್ ದ್ರಾಕ್ಷಿಯ ದೇವತೆ, ಮದ್ಯದ ದೇವತೆ, ಆವೇಶದ ದೇವತೆ. ಇಳಿಜಾರನ್ನೇ ಅರ್ಧಚಂದ್ರಾಕಾರವಾಗಿ ಕಡಿದು ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಆಸನಗಳನ್ನು ಕೂರಿಸಿದ್ದಾರೆ. ಮೇಲಿನ ಸಾಲುಗಳು ಬಹುಮಟ್ಟಿಗೆ ಮಾಯವಾಗಿವೆ. ಉಳಿದವುಗಳ ಸಂದಿಯಲ್ಲಿ ಹುಲ್ಲು ಬೆಳೆದಿದೆ. ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ ಅಮೃತಶಿಲೆಯ ಪೀಠಗಳು. ನಟ್ಟನಡುವಿನದು ಡಯೊನೈಸಸನ ಪೂಜಾರಿಗೆ ಮೀಸಲು. ಅದಕ್ಕೆ ಸಿಂಹದ ಪಾದಗಳು, ನಯವಾದ ಕೆತ್ತನೆ. ಕಲ್ಲಿನ ಈ ಆಸನಗಳು ಕ್ರಿ.ಪೂ. ನಾಲ್ಕನೆಯ ಶತಮಾನದವು, ಮುಂದೆ ರೋಮನರೂ ಕೆಲವು ಬದಲಾವಣೆಗಳನ್ನು ಮಾಡಿದರು. ಈಸ್ಕಿಲಸ್, ಸೊಫೊಕ್ಲೀಸರ ಕಾಲದಲ್ಲಿ ಇಲ್ಲಿದ್ದುದು ಮರದ ಹಲಗೆಗಳೇ.

ನಮ್ಮಾಕೆ ಒಮ್ಮೆ ಬೆಟ್ಟದ ನೆತ್ತಿಯನ್ನು ನೋಡಿದಳು, ಒಮ್ಮೆ ರಂಗಸ್ಥಳವನ್ನು ನೋಡಿದಳು. "ದೇವರು ಮೇಲೆ, ಆಟ ಕೆಳಗೆ. ನಮ್ಮೂರ ಜಾತ್ರೆಯ ಬಯಲಾಟದ ಹಾಗೇ ಇದೆಯಲ್ಲ ರೀ!" ಎಂದಳು. ಅನೇಕ ಪುಸ್ತಕಗಳನ್ನು ಓದಿ ನಾವು ತಿಳಿದುಕೊಂಡದ್ದನ್ನು ಆಕೆ ನಿಂತ ನಿಲುವಿನಲ್ಲೇ ಹೇಳಿಬಿಟ್ಟಿದ್ದಳು. ಇದು ಹೌದು, ಜಾತ್ರೆಯೇ.

ಪ್ರತಿ ವರ್ಷವೂ ವಸಂತಕಾಲದಲ್ಲಿ, ನಮ್ಮ ಯುಗಾದಿಯ ಹೊತ್ತಿಗೆ, ಇಲ್ಲಿ ಡಯೊನೈಸಸನ ಉತ್ಸವ ನಡೆಯುತ್ತಿತ್ತು. ಮೂವರು ಕವಿಗಳಿಗೆ ನಾಟಕ ಆಡಿಸುವ ಅವಕಾಶ. ಒಬ್ಬೊಬ್ಬನೂ ಮೂರು ಗಂಭೀರ ನಾಟಕಗಳನ್ನೂ ಕೊನೆಗೊಂದು ಕುಚೇಷ್ಟೆಯ ಆಟವನ್ನೂ ಆಡಿಸಬೇಕು. ಹಾಸ್ಯನಾಟಕಗಳಿಗೆ ಬೇರೆ ಸ್ಪರ್ಧೆ. ಯಾವ ಕವಿಗೆ ಅವಕಾಶವೆಂಬುದನ್ನು ತೀರ್ಮಾನಿಸುತ್ತಿದ್ದವನು ಊರಿನ ಅಧಿಕಾರಿ. ಮೇಳದವರ ತಾಲೀಮು, ಊಟ, ಉಡುಪುಗಳ ವೆಚ್ಚವನ್ನು ಊರಿನ ಸಿರಿವಂತನೊಬ್ಬ ಹೊರಬೇಕು. ಅವನಿಗೆ 'ಖೊರೆಗೊಸ್' ಎಂದು ಹೆಸರು. ಇದು ದಾನವಲ್ಲ, ಕರ್ತವ್ಯ. ಯುದ್ಧದ ಹಡಗೊಂದನ್ನು ಒಂದು ವರ್ಷ ನಡೆಸಿಕೊಡುವುದು ಹೇಗೆ ಸಿರಿವಂತರ ಪಾಲಿನ ಹೊಣೆಯಾಗಿತ್ತೋ ಮೇಳವೊಂದನ್ನು ನಡೆಸಿಕೊಡುವುದೂ ಹಾಗೆಯೇ. ಹಡಗು ಎಷ್ಟು ಮುಖ್ಯವೋ ಹಾಡೂ ಅಷ್ಟೇ ಮುಖ್ಯವೆಂದು ಆ ಊರು ಬಗೆದಿತ್ತು.

ಮೇಳದಲ್ಲಿ ಹಾಡಿ ಕುಣಿಯುತ್ತಿದ್ದವರು ಊರಿನ ನಾಗರಿಕರೇ. ಗಂಭೀರ ನಾಟಕಕ್ಕೆ ಮೊದಲು ಹನ್ನೆರಡು ಮಂದಿ, ಅನಂತರ ಹದಿನೈದು, ಹಾಸ್ಯನಾಟಕಕ್ಕೆ ಇಪ್ಪತ್ತನಾಲ್ಕು. ಇದಲ್ಲದೆ ಅಥೆನ್ಸಿನ ಹತ್ತು ಪಂಗಡಗಳೂ ಐವತ್ತು ಗಂಡಸರ ಒಂದು ಮೇಳವನ್ನೂ ಐವತ್ತು ಹುಡುಗರ ಒಂದು ಮೇಳವನ್ನೂ ಹಾಡಿನ ಸ್ಪರ್ಧೆಗೆ ಕಳುಹಿಸಬೇಕು. ಲೆಕ್ಕ ಹಾಕಿ ನೋಡಿ: ಒಂದೇ ಹಬ್ಬದಲ್ಲಿ ಸಾವಿರ ಮಂದಿ ಹಾಡುಗಾರರು! ಹಲಗೆಯ ಮೇಲೆ ಕುಳಿತು ನೋಡುತ್ತಿದ್ದವರಲ್ಲಿ ಎಷ್ಟೋ ಮಂದಿ ಹಿಂದೊಮ್ಮೆ ತಾವೇ ಆ ಅಂಗಳದಲ್ಲಿ ಹಾಡಿ ಕುಣಿದವರು. ಬಹುಮಾನವನ್ನು ಕೊಡುತ್ತಿದ್ದವರೂ ಪಂಡಿತರಲ್ಲ. ಪಂಗಡಕ್ಕೊಬ್ಬನಂತೆ ಚೀಟಿ ಎತ್ತಿ ಆರಿಸಿದ ಹತ್ತು ಮಂದಿ ಸಾಮಾನ್ಯರು. ಮುಂದಿನ ಕಾಲದಲ್ಲಿ ಬಡವರಿಗೆ ಪ್ರವೇಶದ ಹಣವನ್ನು ಊರಿನ ಬೊಕ್ಕಸವೇ ಕೊಡತೊಡಗಿತು.

ಈ ವಿವರಗಳಲ್ಲಿ ನಮಗೆ ತುಂಬ ಹಿಡಿಸಿದ್ದು ಒಂದು ಮಾತಿನ ಬಳಕೆ. ನಾಟಕ ಆಡಿಸಿದ ಕವಿಯನ್ನು ಅಥೆನ್ಸಿನವರು 'ದಿದಾಸ್ಕಲೊಸ್' ಎನ್ನುತ್ತಿದ್ದರು. ಹಾಗೆಂದರೆ ಕಲಿಸುವವನು, ಉಪಾಧ್ಯಾಯ. ಮೇಳಕ್ಕೆ ಹಾಡು ಕುಣಿತಗಳನ್ನು ಕಲಿಸಿದ್ದರಿಂದ ಬಂದ ಹೆಸರು ಅದು. ಆದರೆ ಆತ ಊರಿಗೂ ಏನನ್ನೋ ಕಲಿಸುತ್ತಾನೆಂಬ ಭಾವನೆ ಆ ಜನರಲ್ಲಿ ಇದ್ದೇ ಇತ್ತು. ನಾಟಕಗಳು ಆರಂಭವಾಗುವ ಮುನ್ನ, ಯುದ್ಧದಲ್ಲಿ ಮಡಿದವರ ಮಕ್ಕಳನ್ನು, ಊರಿನ ಖರ್ಚಿನಲ್ಲಿ ಬೆಳೆದು ಪ್ರಾಯಕ್ಕೆ ಬಂದ ಹುಡುಗರನ್ನು, ಕವಚ ತೊಡಿಸಿ ಇದೇ ಅಂಗಳದಲ್ಲಿ ಜನರ ಮುಂದೆ ನಿಲ್ಲಿಸುತ್ತಿದ್ದರು. ಅದಾದ ಮೇಲೆ ಯುದ್ಧದಿಂದ ಬೀದಿಪಾಲಾದವರ ಗೋಳನ್ನು ತೋರಿಸುವ ನಾಟಕ!

ಊರು ನಾಟಕವನ್ನು ಎಷ್ಟು ಮನಸ್ಸಿಗೆ ಹಚ್ಚಿಕೊಂಡಿತ್ತೆಂಬುದಕ್ಕೆ ಇತಿಹಾಸಕಾರ ಹೆರೊಡೊಟಸ್ ಒಂದು ಸಂಗತಿಯನ್ನು ಬರೆದಿಟ್ಟಿದ್ದಾನೆ. ಸಮುದ್ರದಾಚೆ, ಈಗಿನ ತುರ್ಕಿಯ ತೀರದಲ್ಲಿ, ಮಿಲೀಟಸ್ ಎಂಬ ಗ್ರೀಕರ ಪಟ್ಟಣವಿತ್ತು. ಅಥೆನ್ಸಿಗೆ ನಂಟಿನ ಊರು. ಕ್ರಿ.ಪೂ. ೪೯೪ರಲ್ಲಿ ಪಾರಸಿಕರು ಅದನ್ನು ಹಿಡಿದು ಹಾಳುಮಾಡಿದರು. ಸ್ವಲ್ಪ ಕಾಲದಲ್ಲೇ ಫ್ರಿನಿಕಸ್ ಎಂಬ ಕವಿ ಆ ಸಂಗತಿಯನ್ನೇ ನಾಟಕ ಮಾಡಿ ಆಡಿಸಿದ. ನೋಡಿದವರೆಲ್ಲ ಗೊಳೋ ಎಂದು ಅತ್ತರಂತೆ. ಆಮೇಲೆ ಊರು ಮಾಡಿದ್ದೇನು? ನಮ್ಮವರ ದುಃಖವನ್ನೇ ನಮಗೆ ನೆನಪಿಸಿದನೆಂದು ಕವಿಗೆ ೧,೦೦೦ ದ್ರಾಖ್ಮೆ ದಂಡ ಹಾಕಿ, ಆ ನಾಟಕವನ್ನು ಇನ್ನು ಯಾರೂ ಆಡಕೂಡದೆಂದು ಅಪ್ಪಣೆ ಮಾಡಿತು.

ಕ್ರಿ.ಪೂ. ೪೮೦ರಲ್ಲಿ ಅದೇ ಪಾರಸಿಕರು ಅಥೆನ್ಸಿಗೇ ನುಗ್ಗಿ, ಈ ಬೆಟ್ಟದ ಮೇಲಿನ ದೇವಾಲಯಗಳನ್ನು ಸುಟ್ಟರು. ಅದೇ ವರ್ಷ ಸಲಾಮಿಸಿನ ನೌಕಾಯುದ್ಧದಲ್ಲಿ ಸೋತು ಹಿಂದಿರುಗಿದರು. ಎಂಟು ವರ್ಷಗಳ ಮೇಲೆ, ಕ್ರಿ.ಪೂ. ೪೭೨ರಲ್ಲಿ, ಈಸ್ಕಿಲಸ್ ಈ ಅಂಗಳದಲ್ಲಿ 'ಪಾರಸಿಕರು' ಆಡಿಸಿದ. ಆತನೂ ಮ್ಯಾರಥಾನ್ ಯುದ್ಧದಲ್ಲಿ ಕಾದಿದವನೇ. ಖರ್ಚು ವಹಿಸಿದವನು, ಆಗಿನ್ನೂ ತರುಣನಾಗಿದ್ದ ಪೆರಿಕ್ಲೀಸ್. ಇಂಥ ನಾಟಕದಲ್ಲಿ ಗೆದ್ದವರ ಜಯಘೋಷ ಇರಬೇಕೆಂದು ಯಾರಾದರೂ ಎಣಿಸುತ್ತಾರೆ. ಗೆಲುವಿನ ಹೆಮ್ಮೆ ಅದರಲ್ಲಿ ಇಲ್ಲದಿಲ್ಲ. ಆದರೆ ಕಥೆ ನಡೆಯುವುದು ವೈರಿಯ ಅರಮನೆಯಲ್ಲಿ. ಮಗನ ಸುದ್ದಿಗಾಗಿ ಕಾದಿರುವ ಮುದಿ ರಾಣಿ, ಸತ್ತವರ ಹೆಸರುಗಳನ್ನು ಒಂದೊಂದಾಗಿ ಹೇಳುವ ದೂತ, ಕೊನೆಗೆ ಹರಿದ ಬಟ್ಟೆಯಲ್ಲಿ ಬಂದು ನಿಲ್ಲುವ ಚಕ್ರವರ್ತಿ.

ನಾವು ಆ ಕಲ್ಲಿನ ಮೇಲೆ ಕುಳಿತು ಇದನ್ನೇ ಯೋಚಿಸುತ್ತಿದ್ದೆವು. ಬೆನ್ನ ಹಿಂದೆ ಶತ್ರು ಸುಟ್ಟ ದೇವಾಲಯಗಳ ಬೆಟ್ಟ; ಕಣ್ಣ ಮುಂದೆ ಶತ್ರುವಿನ ತಾಯಿಯ ಅಳು. ನೋಡುತ್ತಿದ್ದವರಲ್ಲಿ ಸಲಾಮಿಸಿನಲ್ಲಿ ಹುಟ್ಟು ಹಾಕಿದವರು ಎಷ್ಟೋ ಮಂದಿ. ಆ ಗುಂಪು ಅದನ್ನು ಕೊನೆಯವರೆಗೂ ನೋಡಿತು, ನೋಡಿ ಮೊದಲ ಬಹುಮಾನವನ್ನೂ ಕೊಟ್ಟಿತು. ಒಬ್ಬನೇ ಕೋಣೆಯಲ್ಲಿ ಕುಳಿತು ಪುಸ್ತಕ ಓದುವುದು ಬೇರೆ. ಪಕ್ಕದ ಮನೆಯವನ ಮೊಣಕೈ ತಗಲುತ್ತಿರುವಾಗ, ಅವನ ಬಿಸಿಯುಸಿರು ಕೇಳಿಸುತ್ತಿರುವಾಗ, ಶತ್ರುವಿಗೂ ತಾಯಿಯುಂಟೆಂದು ಕಾಣುವುದು ಬೇರೆ.

ಹಾಗೆಂದು ಎಲ್ಲವನ್ನೂ ಹೊಗಳುವ ಯಾತ್ರಿಕರ ಸಾಲಿಗೆ ನಾವು ಸೇರಬಾರದು. ಆ ಊರಿನಲ್ಲಿ ಗುಲಾಮರಿದ್ದರು. ಹೆಂಗಸರ ಪಾತ್ರಗಳನ್ನು ಗಂಡಸರೇ ಹಾಕುತ್ತಿದ್ದರು. ಹೆಂಗಸರು ನೋಡಲು ಬರುತ್ತಿದ್ದರೇ ಎಂಬುದರಲ್ಲೇ ವಿದ್ವಾಂಸರಿಗೆ ಒಮ್ಮತವಿಲ್ಲ. ನಾಟಕದಿಂದ ಕೇಡೂ ಆಗುತ್ತಿತ್ತು. ಕ್ರಿ.ಪೂ. ೪೨೩ರಲ್ಲಿ ಅರಿಸ್ಟೊಫೆನೀಸ್ ತನ್ನ 'ಮೋಡಗಳು' ನಾಟಕದಲ್ಲಿ ಸಾಕ್ರಟೀಸನನ್ನು ಬುಟ್ಟಿಯಲ್ಲಿ ತೂಗುಹಾಕಿ ನಗಿಸಿದ. ಆ ವರ್ಷ ಅದಕ್ಕೆ ಮೂರನೆಯ ಸ್ಥಾನವಷ್ಟೇ ಬಂತು. ಆದರೆ ಕ್ರಿ.ಪೂ. ೩೯೯ರಲ್ಲಿ ವಿಚಾರಣೆಗೆ ನಿಂತಾಗ ಸಾಕ್ರಟೀಸ್, ತನ್ನ ಮೇಲಿನ ಹಳೆಯ ಅಪವಾದಕ್ಕೆ ಅಂಥ ಹಾಸ್ಯನಾಟಕವೂ ಕಾರಣವೆಂದು ಹೇಳಿದುದಾಗಿ ಪ್ಲೇಟೊ ಬರೆದಿದ್ದಾನೆ. ಗುಂಪಿನ ನಗೆ ಇಪ್ಪತ್ತನಾಲ್ಕು ವರ್ಷ ಕಳೆದರೂ ಆರಿರಲಿಲ್ಲ.

ಅದೇ ಅರಿಸ್ಟೊಫೆನೀಸ್ ಕ್ರಿ.ಪೂ. ೪೦೫ರಲ್ಲಿ 'ಕಪ್ಪೆಗಳು' ಎಂಬ ನಾಟಕವನ್ನು ಆಡಿಸಿದ. ಅಥೆನ್ಸ್ ಆಗ ಸ್ಪಾರ್ಟಾದೊಡನೆ ದೀರ್ಘಕಾಲ ಹೋರಾಡಿ ಬಸವಳಿದಿತ್ತು. ನಾಟಕದಲ್ಲಿ ಡಯೊನೈಸಸ್ ಪಾತಾಳಕ್ಕೆ ಇಳಿಯುತ್ತಾನೆ. ಏಕೆ? ಸತ್ತುಹೋದ ದೊಡ್ಡ ಕವಿಯೊಬ್ಬನನ್ನು ಊರಿಗೆ ಮರಳಿ ತರುವುದಕ್ಕೆ! ಕವಿಯನ್ನು ಮೆಚ್ಚಬೇಕಾದದ್ದು ಯಾವುದಕ್ಕೆ ಎಂದು ಅಲ್ಲಿ ಪ್ರಶ್ನೆ ಬರುತ್ತದೆ. ಜಾಣ್ಮೆಗೆ, ಬುದ್ಧಿಮಾತಿಗೆ, ಊರಿನ ಜನರನ್ನು ಉತ್ತಮರನ್ನಾಗಿ ಮಾಡುವುದಕ್ಕೆ ಎಂಬುದು ಉತ್ತರ. ಊರು ಮುಳುಗುತ್ತಿರುವಾಗ ಸೇನಾಪತಿಯನ್ನು ಹುಡುಕದೆ ಕವಿಯನ್ನು ಹುಡುಕುವುದು ನಗೆಯ ಮಾತೇ ಸರಿ. ಆದರೆ ಆ ಜನರಿಗೆ ಅದು ಬರಿಯ ನಗೆಯಾಗಿ ಕೇಳಿಸಿರಲಾರದು.

ರಂಗಸ್ಥಳದಿಂದ ಪೂರ್ವಕ್ಕೆ ಸ್ವಲ್ಪ ದೂರ ನಡೆದು 'ತ್ರಿಪಾದಿಗಳ ಬೀದಿ'ಗೆ ಬಂದೆವು. ಇಂದಿಗೂ ಆ ಬೀದಿಗೆ ಅದೇ ಹೆಸರು. ಗೆದ್ದ ಮೇಳದ ಖೊರೆಗೊಸನಿಗೆ ಮೂರು ಕಾಲಿನ ಕಂಚಿನ ಪಾತ್ರೆ ಬಹುಮಾನ. ಅದನ್ನು ಆತ ಈ ಬೀದಿಯಲ್ಲಿ ಸ್ಮಾರಕ ಕಟ್ಟಿಸಿ ಎಲ್ಲರಿಗೂ ಕಾಣುವಂತೆ ಇಡುತ್ತಿದ್ದ. ಲೈಸಿಕ್ರಟೀಸ್ ಎಂಬವನು ಕ್ರಿ.ಪೂ. ೩೩೫-೩೪ರ ಗೆಲುವಿಗಾಗಿ ಕಟ್ಟಿಸಿದ ದುಂಡನೆಯ ಸ್ಮಾರಕ ಇನ್ನೂ ನಿಂತಿದೆ. ಸಂಘದ ಕುರ್ಚಿಗಳ ಮೇಲೆಲ್ಲ ದಾನಿಗಳ ಹೆಸರು ಬರೆಸಿರುವ ನಮಗೆ ಈ ಆಸೆ ಹೊಸದಾಗಿ ಕಾಣಲಿಲ್ಲ. ಆದರೆ ಅಲ್ಲಿನ ಶಾಸನದಲ್ಲಿ ಹಣ ಕೊಟ್ಟವನ ಹೆಸರೊಂದೇ ಇಲ್ಲ. ಯಾವ ಪಂಗಡದ ಹುಡುಗರು ಗೆದ್ದರು, ವಾದ್ಯ ಊದಿದವನು ಯಾರು, ಕಲಿಸಿದವನು ಯಾರು ಎಂಬುದೂ ಇದೆ. ಹುಡುಗರ ಹಾಡಿಗಾಗಿ ಕಟ್ಟಿದ ಕಲ್ಲು ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಮಿಗಿಲಾಗಿ ನಿಂತಿದೆಯಲ್ಲ ಎಂದುಕೊಂಡೆವು.

ಮರುದಿನ ಬಸ್ಸಿನಲ್ಲಿ ಎಪಿಡಾರಸಿಗೆ ಹೋದೆವು. ಕೊರಿಂತಿನ ಕಾಲುವೆಯನ್ನು ದಾಟಿ, ಆಲಿವ್ ತೋಟಗಳ ನಡುವೆ ಸಾಗುವ ದಾರಿ. ಎಪಿಡಾರಸ್ ವೈದ್ಯದೇವನಾದ ಅಸ್ಕ್ಲೀಪಿಯಸನ ಕ್ಷೇತ್ರ. ರೋಗಿಗಳು ದೂರದೂರದಿಂದ ಬಂದು ಇಲ್ಲಿ ತಂಗುತ್ತಿದ್ದರು. ಆಸ್ಪತ್ರೆಯಂಥ ಈ ಸ್ಥಳದಲ್ಲೂ ಒಂದು ರಂಗಸ್ಥಳ! ೫೫ ಸಾಲುಗಳು, ಸುಮಾರು ೧೪,೦೦೦ ಮಂದಿಗೆ ಸ್ಥಳ. ಅಥೆನ್ಸಿನಲ್ಲಿದ್ದಂತೆ ಇಲ್ಲಿ ಊಹಿಸಿಕೊಳ್ಳಬೇಕಾದ ಕಷ್ಟವಿಲ್ಲ. ಅಷ್ಟು ಚೆನ್ನಾಗಿ ಉಳಿದಿದೆ. ೧೯೫೦ರ ದಶಕದಿಂದ ಬೇಸಗೆಯ ಇರುಳುಗಳಲ್ಲಿ ಇಲ್ಲಿ ಆ ಹಳೆಯ ನಾಟಕಗಳನ್ನೇ, ಹೆಚ್ಚಾಗಿ ಈಗಿನ ಗ್ರೀಕ್ ಮಾತಿನಲ್ಲಿ, ಆಡುತ್ತ ಬಂದಿದ್ದಾರೆ.

ನಾವು ಏದುಸಿರು ಬಿಡುತ್ತ ಮೇಲಿನ ಸಾಲಿಗೆ ಹೋಗಿ ಕುಳಿತೆವು. ನಮ್ಮಾಕೆ ಮೊಣಕಾಲಿನ ನೆಪ ಹೇಳಿ ಕೆಳಗೇ ಉಳಿದಳು. ಜನ ಅಂಗಳದ ನಟ್ಟನಡುವಿನ ಕಲ್ಲಿನ ಬಳಿ ನಿಂತು ಚಪ್ಪಾಳೆ ತಟ್ಟಿಯೋ ನಾಣ್ಯ ಬೀಳಿಸಿಯೋ ಸದ್ದನ್ನು ಪರೀಕ್ಷಿಸುತ್ತಿದ್ದರು. ಸರದಿ ಬಂದಾಗ ಆಕೆ ಅತ್ತಿತ್ತ ನೋಡಿ, ಕುಮಾರವ್ಯಾಸನ ಪದ್ಯವೊಂದನ್ನು ಮೆಲ್ಲನೆ ಹೇಳಿದಳು. ತಂದೆಯವರು ಗಮಕ ಮಾಡುತ್ತಿದ್ದಾಗ ಕೇಳಿ ಬಾಯಿಗೆ ಬಂದದ್ದು. ಅಷ್ಟು ಎತ್ತರದಲ್ಲಿ ಕುಳಿತಿದ್ದ ನಮಗೆ ಒಂದೊಂದು ಅಕ್ಷರವೂ ಕೇಳಿಸಿತು. ಅರ್ಥವಾಗದಿದ್ದರೂ ಕೆಳಗಿದ್ದವರು ಚಪ್ಪಾಳೆ ತಟ್ಟಿದರು. ಹಿಂದಿರುಗುವಾಗ ಬಸ್ಸಿನಲ್ಲಿ ಆಕೆ, "ಅಪ್ಪ ನಮಗೆ ಅರ್ಥ ಹೇಳಿಕೊಟ್ಟದ್ದು ಆಮೇಲೆ. ಮೊದಲು ಬಾಯಲ್ಲಿ ಹೇಳಿಸಿದರು. ತಪ್ಪಿದರೆ ನಗುತ್ತಿರಲಿಲ್ಲ" ಎಂದಳು. ನಾವು ಕಿಟಕಿಯ ಕಡೆ ತಿರುಗಿದೆವು. ಆ ಮಾತು ಎಲ್ಲಿ ಚುಚ್ಚಬೇಕೋ ಅಲ್ಲಿ ಚುಚ್ಚಿತ್ತು.

ಗ್ರೀಕರ ಮಕ್ಕಳೂ ಹಾಗೆಯೇ ಕಲಿತವರು. ನಮಗೆ ರಾಮಾಯಣ, ಭಾರತಗಳು ಹೇಗೋ ಅವರಿಗೆ ಹೋಮರನ 'ಇಲಿಯಡ್', 'ಒಡಿಸ್ಸಿ' ಹಾಗೆ. ಮಠದಲ್ಲಿ ಅದೇ ಪಾಠ, ಹಬ್ಬದಲ್ಲಿ ಗಮಕಿಗಳ ಬಾಯಲ್ಲಿ ಅದೇ ವಾಚನ. ಹೀಗೆ ಬಾಯಿಗೆ ಬಂದದ್ದು ಪರದೇಶದಲ್ಲಿ ಹೇಗೆ ಕೈಹಿಡಿಯಿತೆಂಬುದಕ್ಕೆ, ನಾವು ಹೋಗದೆ ಬರಿಯ ಓದಿನಿಂದ ಬಲ್ಲ ಎರಡು ಊರುಗಳ ಕಥೆಯನ್ನು ಹೇಳಬೇಕು.

ಒಂದು, ಸಿಸಿಲಿ ದ್ವೀಪದ ಸಿರಾಕ್ಯೂಸ್. ಕ್ರಿ.ಪೂ. ೪೧೩ರಲ್ಲಿ ಅಥೆನ್ಸಿನ ಸೇನೆ ಅಲ್ಲಿ ಸೋತು, ಸಾವಿರಾರು ಮಂದಿ ಸೆರೆಸಿಕ್ಕಿ ಕಲ್ಲುಗಣಿಗಳಲ್ಲಿ ನವೆದರು. ಸಿಸಿಲಿಯವರಿಗೆ ಯೂರಿಪಿಡೀಸನ ನಾಟಕಗಳೆಂದರೆ ಪ್ರಾಣ. ಅವನ ಪದ್ಯಗಳನ್ನು ನೆನಪಿನಿಂದ ಹೇಳಿಕೊಟ್ಟ ಕೆಲವರಿಗೆ ಬಿಡುಗಡೆಯಾಯಿತು. ದಿಕ್ಕುಗೆಟ್ಟು ಅಲೆಯುತ್ತಿದ್ದವರಿಗೆ ಅವನ ಹಾಡುಗಳಿಂದ ಅನ್ನ ನೀರು ದೊರೆಯಿತು. ಮನೆಗೆ ಮರಳಿದವರು ಕವಿಯ ಬಳಿಗೆ ಹೋಗಿ ಕೃತಜ್ಞತೆ ಹೇಳಿದರೆಂದು ಪ್ಲುಟಾರ್ಕ್ ಬರೆಯುತ್ತಾನೆ.

ಇನ್ನೊಂದು, ಕಪ್ಪುಸಮುದ್ರದ ಉತ್ತರ ತೀರದ ಆಲ್ಬಿಯಾ. ಈಗ ಉಕ್ರೇನಿಗೆ ಸೇರಿದ ಪ್ರದೇಶ. ಫ್ರಿನಿಕಸ್ ಯಾವ ಊರಿಗಾಗಿ ಜನರನ್ನು ಅಳಿಸಿದನೋ ಆ ಮಿಲೀಟಸಿನಿಂದ ವಲಸೆ ಹೋದವರು ಕಟ್ಟಿದ ಪಟ್ಟಣ. ಕ್ರಿ.ಶ. ಮೊದಲನೆಯ ಶತಮಾನದ ಕೊನೆಗೆ ಡಿಯೋ ಎಂಬ ವಾಗ್ಮಿ ಅಲ್ಲಿಗೆ ಹೋದ. ಆ ಹೊತ್ತಿಗೆ ಅವರು ಅಲ್ಲಿ ನೆಲಸಿ ಆರು ಶತಮಾನಗಳು ಕಳೆದಿದ್ದುವು. ಸುತ್ತ ಬೇರೆ ಜನ, ಬೇರೆ ಮಾತು. ಅವರ ಗ್ರೀಕ್ ಮಾತು ಸ್ವಚ್ಛವಾಗಿ ಉಳಿದಿರಲಿಲ್ಲವೆಂದು ಡಿಯೋ ಹೇಳುತ್ತಾನೆ. ಉಡುಪು ಕೂಡ ನೆರೆಯವರದೇ. ಆದರೂ ಹೆಚ್ಚುಕಡಮೆ ಎಲ್ಲರಿಗೂ 'ಇಲಿಯಡ್' ಬಾಯಿಗೆ ಬರುತ್ತಿತ್ತಂತೆ. ಹಿಂದಿನ ದಿನವಷ್ಟೇ ಶತ್ರುಗಳ ದಾಳಿಯಾಗಿತ್ತು. ಕೋಟೆಯ ಬಾಗಿಲು ಹಾಕಿತ್ತು. ಅಂಥ ಹೊತ್ತಿನಲ್ಲೂ ಆಯುಧಗಳನ್ನು ಹಿಡಿದುಕೊಂಡೇ ದೇವಾಲಯದ ಮುಂದೆ ನೆರೆದು, "ಮಾತನಾಡು, ಕೇಳುತ್ತೇವೆ" ಎಂದರಂತೆ.

ಓದುಗರೇ, ಇನ್ನು ನಮ್ಮ ತಪ್ಪೊಪ್ಪಿಗೆ. ಎರಡು ವರ್ಷಗಳ ಹಿಂದೆ ನಮ್ಮ ಸಂಘದ ನಾಟಕದಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬ ದೂತನ ಪಾತ್ರ ಹಾಕಿದ್ದ. ಹುಟ್ಟಿ ಬೆಳೆದದ್ದೆಲ್ಲ ದೆಹಲಿ. ಕನ್ನಡ ಅಕ್ಷರ ಬಾರದೆ ಮಾತುಗಳನ್ನು ಹಿಂದಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ್ದ. ಓಡಿ ಬಂದು, "ಊರೆಲ್ಲ ಹಾಳಾಯಿತು ಪ್ರಭು!" ಎನ್ನಬೇಕಾದವನು "ಊರೆಲ್ಲ ಹಾಲಾಯಿತು ಪ್ರಭು!" ಎಂದ. ಸಭೆ ಗೊಳ್ಳೆಂದಿತು. ಮುಂದಿನ ಸಾಲಿನಲ್ಲಿ ಕುಳಿತು ಮೊದಲು ನಕ್ಕವರು ನಾವೇ. "ಕಾಫಿಗೆ ಆಯಿತು ಬಿಡು!" ಎಂದು ಕೂಗಿದವರೂ ನಾವೇ. ಹುಡುಗ ಉಳಿದ ಮಾತನ್ನು ಹೇಗೋ ಮುಗಿಸಿ ಒಳಗೆ ಹೋದ. ಆಮೇಲೆ ಸಂಘದ ಕಡೆ ತಲೆಹಾಕಲಿಲ್ಲ. ನಾವು ಮಾತ್ರ "ಹುಡುಗರು ಸಿಕ್ಕುವುದಿಲ್ಲ" ಎಂದು ಗೊಣಗುತ್ತಲೇ ಇದ್ದೆವು.

ದೆಹಲಿಗೆ ಬಂದ ಮೇಲೆ ಒಂದು ಭಾನುವಾರ ಅವರ ಮನೆಗೆ ಹೋದೆವು. ಅವನ ತಾಯಿ ಕಾಫಿ ಕೊಟ್ಟರು. ಹುಡುಗ ಈಗ ನಮಗಿಂತ ಎತ್ತರ. ಅಂದು ನಕ್ಕದ್ದು ತಪ್ಪಾಯಿತೆಂದು ಹೇಳಿದೆವು. ಅವನು ಚಪ್ಪಲಿಯ ತುದಿಯನ್ನು ನೋಡುತ್ತ ನಿಂತಿದ್ದ. ಆಲ್ಬಿಯಾದ ಕಥೆಯನ್ನು ಹೇಳಿದಾಗ ಮಾತ್ರ ತಲೆಯೆತ್ತಿ, "ಅವರ ಭಾಷೆ ಕೇಳಿ ಆ ಡಿಯೋ ನಗಲಿಲ್ವಾ ಅಂಕಲ್?" ಎಂದು ಕೇಳಿದ.

"ಹೋಮರನ ವಿಷಯದಲ್ಲಿ ಸ್ವಲ್ಪ ಕೆಣಕಿದನಪ್ಪ. ಆದರೆ ಅಷ್ಟಕ್ಕೆ ಎದ್ದು ಹೋಗಲಿಲ್ಲ. ಅವರು ಕೇಳುವಷ್ಟು ಹೊತ್ತು ಅವರ ಜೊತೆ ಕುಳಿತು ಮಾತಾಡಿದ" ಎಂದೆವು.

"ನೋಡ್ತೀನಿ ಅಂಕಲ್, ಈ ವರ್ಷ ಪರೀಕ್ಷೆ ಇದೆ" ಎಂದ. ಬರುತ್ತೇನೆಂದು ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ. ಮುಂದಿನ ತಿಂಗಳಿಂದ ತಾಲೀಮು ಆರಂಭ. ದೂತನ ಪಾತ್ರವನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ.